ಬದನೆಕಾಯಿ ಪಲ್ಯ ತಿಂದದ್ದಕ್ಕೆ ಹೊಲಿಗೆ ಕೀವಾಯಿತೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಚೊಚ್ಚಲ ಹೆರಿಗೆ, ಸಿಸೇರಿಯನ್. ಎಂಟನೇ ದಿನ ಹೊಲಿಗೆಯ ಒಂದು ತುದಿ ಕೆಂಪಾಗಿ ಊದಿ, ಸೀರೆಗೆ ಅಂಟುವಷ್ಟು ಕೀವು, ರಾತ್ರಿ ಚಳಿಜ್ವರ. ವೈದ್ಯರು ಎರಡು ಹೊಲಿಗೆ ಬಿಚ್ಚಿ, ಕೀವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ತಿಳಿಯುವ ಪರೀಕ್ಷೆ) ಕಳಿಸಿ, ದಿನವೂ ಡ್ರೆಸ್ಸಿಂಗ್ ಮಾಡಿಸಲು ಹೇಳಿದರು. ಬಾಣಂತಿಯ ಅಳು ನಿಲ್ಲದ್ದನ್ನು ಕಂಡು ನರ್ಸ್ ಅವಳನ್ನು ನನ್ನ ಬಳಿ ಕಳಿಸಿದ್ದರು.

ಬದನೆಕಾಯಿ ಪಲ್ಯ ತಿಂದಿದ್ದಳಂತೆ. "ನಂಜಿನ ಪದಾರ್ಥ ಕೊಟ್ಟು ಸೊಸೆಯನ್ನ ಈ ಗತಿಗೆ ತಂದ್ರಿ" ಎಂದು ಅತ್ತೆ ಬೀಗಿತ್ತಿಗೆ ಫೋನಿನಲ್ಲೇ ಅಂದಿದ್ದರು. ಅಲ್ಲಿಂದ ಅನ್ನ, ಮೆಣಸಿನ ಸಾರು ಅಷ್ಟೇ. ಕುಡಿಯುವ ನೀರಿಗೂ ಅಳತೆ. ಹೊಲಿಗೆಗೆ ಅರಿಶಿನ, ಕೊಬ್ಬರಿ ಎಣ್ಣೆ. ಮೇಲೆ ಹಳೇ ಸೀರೆಯ ಬಿಗಿಕಟ್ಟು.

ಡಿಸ್ಚಾರ್ಜ್ ಕಾರ್ಡ್ ಬೇರೆಯದೇ ಹೇಳುತ್ತಿತ್ತು. ಗರ್ಭಚೀಲ ಒಡೆದು ನೀರು ಹೋಗಿ ಒಂದು ದಿನ ದಾಟಿದ ಮೇಲೆ ದಾಖಲು, ದೀರ್ಘ ಹೆರಿಗೆ ನೋವು, ಹಲವು ಬಾರಿ ಒಳಪರೀಕ್ಷೆ, ತುರ್ತು ಶಸ್ತ್ರಚಿಕಿತ್ಸೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ, ರಕ್ತಹೀನತೆ. ನೀರು ಹೋಗಿ ಹೊತ್ತಾದಷ್ಟೂ ಯೋನಿಯ ರೋಗಾಣುಗಳು ಗರ್ಭಕೋಶಕ್ಕೆ ಏರುವ ಸಾಧ್ಯತೆ ಹೆಚ್ಚು. ಕೊಯ್ದಾಗ ಅವೇ ಗಾಯಕ್ಕೂ ತಗಲಬಹುದು. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಸೇರಬಹುದು. ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದು ಇದಕ್ಕೇ. ಸೋಂಕು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಆಸ್ಪತ್ರೆಯ ಕೈಶುಚಿ, ಉಪಕರಣಗಳ ಶುಚಿಯೂ ಲೆಕ್ಕಕ್ಕೆ ಬರುತ್ತವೆ. ಬಾಣಂತಿಯ ತಟ್ಟೆಯಲ್ಲೇ ತಪ್ಪು ಹುಡುಕುವುದು ಎಲ್ಲರಿಗೂ ಸಲೀಸು, ಆಸ್ಪತ್ರೆಯ ನಮ್ಮವರಿಗೂ.

ಮುಂದಿನ ಡ್ರೆಸ್ಸಿಂಗ್‌ಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. "ಅಮ್ಮಾ, ಬದನೆಕಾಯಿ ಬೇಡ ಅಂದ್ರೆ ಬಿಡಿ. ಬೇಳೆ, ಸೊಪ್ಪು, ಮೊಟ್ಟೆ, ಮೊಸರು ನಿಲ್ಲಿಸಿದ್ರೆ ಗಾಯ ಮಾಯೋದು ಯಾವುದರಿಂದ?"

"ಮೊಸರು ಶೀತ ಅಲ್ವೇನಮ್ಮಾ?"

ಮೊಸರು ಬಿಟ್ಟುಕೊಟ್ಟು ಮೊಟ್ಟೆ ಉಳಿಸಿಕೊಂಡೆ.

ಉಳಿದ ಸಲಹೆ: ಗಾಯ ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಎಣ್ಣೆ, ಅರಿಶಿನ, ಬಿಗಿಕಟ್ಟು ಬೇಡ. ಹೊಟ್ಟೆಯ ಮಡಿಕೆ ಒಣಗಿರಲಿ. ಬಾಯಾರಿದಷ್ಟು ನೀರು ಕುಡಿಯಲಿ. ಮಾತ್ರೆಗಳು ಎದೆಹಾಲಿಗೆ ತೊಂದರೆಯಿಲ್ಲದವೆಂದು ವೈದ್ಯರು ಹೇಳಿದ್ದಾರೆ. ಕೋರ್ಸ್ ಮುಗಿಸಿ, ಹಾಲು ನಿಲ್ಲಿಸಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಕೆಂಪು ಹರಡಿದರೆ, ಗಾಯ ಬಾಯಿಬಿಟ್ಟರೆ, ಸ್ರಾವಕ್ಕೆ ದುರ್ವಾಸನೆ ಬಂದರೆ ರಾತ್ರಿಯಾದರೂ ಹೊರಡಿ.

ಅತ್ತೆ ಡಬ್ಬಿಯಲ್ಲಿ ತಂದಿದ್ದ ಬೆಲ್ಲದ ಅಂಟಿನುಂಡೆಯನ್ನು ಸಕ್ಕರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ತಡೆಹಿಡಿದೆವು. ಆರನೇ ವಾರ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು. ಆ ದಿನಾಂಕವನ್ನು ಗಂಡನ ಮೊಬೈಲಿನಲ್ಲೇ ಹಾಕಿಸಿದೆ.