ಗಂಡ ಮಗುವನ್ನು ಕರೆದೊಯ್ದು ವಾಪಸ್ ಕಳಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಮಗನಿಗೆ ಮೂರು ವರ್ಷ. ಜಗಳವಾದ ಮೇಲೆ ಪತಿ ಅವನನ್ನು ಹಾವೇರಿಯ ತಮ್ಮ ತಾಯಿಯ ಮನೆಗೆ ಕರೆದೊಯ್ದು ಎರಡು ವಾರವಾಯಿತು. ಫೋನಿನಲ್ಲೂ ಮಾತಾಡಿಸುತ್ತಿಲ್ಲ. ಠಾಣೆಯಲ್ಲಿ ‘ಅಪ್ಪನೇ ತಾನೆ ಕರೆದೊಯ್ದಿದ್ದು’ ಎಂದು ಕಳಿಸಿಬಿಟ್ಟರು. ಇದು ಅಪಹರಣವಲ್ಲವೇ?

ಉತ್ತರ: ಕ್ರಿಮಿನಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಲ್ಲ. ಅಪ್ಪನೂ ಸಹಜ ಪೋಷಕನೇ. ಮಗು ನಿಮ್ಮ ಬಳಿ ಇರಬೇಕೆಂಬ ನ್ಯಾಯಾಲಯದ ಆದೇಶವಿದ್ದು, ಅದನ್ನು ಮೀರಿ ಕರೆದೊಯ್ದಿದ್ದರೆ ಮಾತು ಬೇರೆ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ನಿಮ್ಮ ಕೇಸಿನ ಬಲ ಇದೇ.

ಠಾಣೆಯಲ್ಲಿ ದೂರನ್ನು ಬರಹದಲ್ಲೇ ಕೊಟ್ಟು ಹಿಂಬರಹ (ದೂರಿಗೆ ಪೊಲೀಸರ ಲಿಖಿತ ಉತ್ತರ) ಪಡೆಯಿರಿ. ‘ಸದ್ಯಕ್ಕೆ ಮಗು ತಂದೆಯ ಬಳಿ ಇರಲಿ’ ಎಂಬ ಒಪ್ಪಿಗೆ ಪತ್ರಕ್ಕೆ ಮಾತ್ರ ಸಹಿ ಹಾಕಬೇಡಿ. ರಾಜಿಯ ಹೆಸರಿನಲ್ಲಿ ಬರೆಸಿಕೊಂಡ ಆ ಒಂದು ಸಾಲನ್ನೇ ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಮುಂದೆ ಹಿಡಿಯುತ್ತಾರೆ. ಸಿಟ್ಟಿನಲ್ಲಿ ಕಳಿಸಿದ ‘ನೀವೇ ಇಟ್ಕೊಳ್ಳಿ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಗತಿಯೂ ಅದೇ. ಬದಲಿಗೆ ಮಗನನ್ನು ಇಂಥ ದಿನದೊಳಗೆ ಬೆಂಗಳೂರಿಗೆ ಕರೆತನ್ನಿ ಎಂದು ಶಾಂತವಾಗಿ ಬರೆದು ಕಳಿಸಿ.

ನಂತರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೇ ಅಧಿಕಾರ. ತಡ ಮಾಡಿದರೆ ಪೆಟ್ಟು ಬೀಳುವುದು ಇಲ್ಲೇ: ಹಾವೇರಿಯಲ್ಲಿ ಅಂಗನವಾಡಿಗೋ ನರ್ಸರಿಗೋ ಸೇರಿಸಿ, ನಾಲ್ಕು ತಿಂಗಳ ಬಳಿಕ ‘ಮಗುವಿನ ಊರೇ ಇದು’ ಎಂದು ವಾದಿಸುತ್ತಾರೆ. ಪ್ಲೇ ಹೋಮ್ ಶುಲ್ಕದ ರಸೀದಿ, ಲಸಿಕೆ ಪುಸ್ತಕ, ಮಕ್ಕಳ ವೈದ್ಯರ ಚೀಟಿ, ಬಾಡಿಗೆ ಕರಾರು ಇವನ್ನೆಲ್ಲ ಈಗಲೇ ಒಟ್ಟುಮಾಡಿ. ವಾಟ್ಸ್‌ಆ್ಯಪ್ ಪ್ರತಿಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ (ಡಿಜಿಟಲ್ ಸಾಕ್ಷ್ಯವನ್ನು ದೃಢೀಕರಿಸುವ ಪತ್ರ) ಬೇಕು.

ಮುಖ್ಯ ಅರ್ಜಿ ಮುಗಿಯಲು ವರ್ಷಗಳು ಹಿಡಿಯಬಹುದು. ಆದ್ದರಿಂದ ಅದೇ ದಿನ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 12ನೇ ಕಲಂ ಅಡಿ ಮಧ್ಯಂತರ ಅರ್ಜಿಯನ್ನೂ ಹಾಕಿ. ಮಗುವನ್ನು ಹಾಜರುಪಡಿಸಬೇಕು, ತಾತ್ಕಾಲಿಕ ಕಸ್ಟಡಿ ಕೊಡಬೇಕು, ಅಲ್ಲಿಯವರೆಗೆ ದಿನವೂ ನಿಗದಿತ ಹೊತ್ತಿಗೆ ವಿಡಿಯೊ ಕರೆ ಇರಬೇಕು, ಅನುಮತಿಯಿಲ್ಲದೆ ದೇಶದಾಚೆ ಕರೆದೊಯ್ಯಕೂಡದು ಎಂದು ಒಂದೊಂದನ್ನೂ ಬಿಡಿಸಿ ಕೇಳಿ. ಪತಿಯ ವಿಳಾಸ ಕೊಡುವಾಗ ಹಾವೇರಿ ಮನೆಯ ಜೊತೆ ಕಚೇರಿಯದ್ದನ್ನೂ ಸೇರಿಸಿ. ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ನೋಟಿಸ್ ಲಕೋಟೆ ವಾಪಸಾದರೆ ಮುಂದಿನ ತಾರೀಖಿನವರೆಗೆ ಕಾಯಬೇಕಾಗುತ್ತದೆ.

ಇನ್ನೂ ಚುರುಕಾದ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ರಿಟ್, ಅಂದರೆ ಅಕ್ರಮವಾಗಿ ಇರಿಸಿಕೊಂಡವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ ಅರ್ಜಿ. ಮಗು ಹೆತ್ತವರಲ್ಲೊಬ್ಬರ ಬಳಿಯೇ ಇದ್ದರೂ ಈ ಅರ್ಜಿ ನಿಲ್ಲುತ್ತದೆ ಎಂದು ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಹೇಳಿದೆ. ಹಾವೇರಿ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತದೆ, ಎಲ್ಲಿ ಹಾಕಬೇಕೆಂದು ವಕೀಲರೊಂದಿಗೆ ಮೊದಲೇ ಖಚಿತಪಡಿಸಿಕೊಳ್ಳಿ. ಸಾಕ್ಷಿ ವಿಚಾರಣೆ ಬೇಕಾಗುವಷ್ಟು ತಕರಾರಿದ್ದರೆ ಹೈಕೋರ್ಟ್ ನಿಮ್ಮನ್ನು ಮತ್ತೆ ಕೌಟುಂಬಿಕ ನ್ಯಾಯಾಲಯಕ್ಕೇ ಕಳಿಸಬಹುದು. ಒಂದು ಕಡೆ ಹಾಕಿದ ಅರ್ಜಿಯನ್ನು ಇನ್ನೊಂದು ಕಡೆ ಮುಚ್ಚಿಡಬೇಡಿ.

ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಹೋಗಿ ಮಗುವನ್ನು ಎಳೆದು ತರುವ ಯೋಚನೆ ಬೇಡವೇ ಬೇಡ. ಮಗು ಬೆದರುತ್ತದೆ, ಕೇಸೂ ಕೆಡುತ್ತದೆ. ವಕೀಲರ ಶುಲ್ಕ ಕಷ್ಟವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ.

ಪ್ರಶ್ನೆ: ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ರಜೆಗೆಂದು ಮಗಳನ್ನು ಮೈಸೂರಿಗೆ ಕರೆತಂದ ಭಾವ ವಾಪಸ್ ಹೋಗುತ್ತಿಲ್ಲ. ಅಲ್ಲಿಯ ಕೋರ್ಟಿನ ಆದೇಶ ಇಲ್ಲಿ ನಡೆಯುತ್ತದೆಯೇ?

ಉತ್ತರ: ತಾನಾಗಿಯೇ ನಡೆಯುವುದಿಲ್ಲ. ಬೇರೆ ದೇಶಕ್ಕೆ ಕರೆದೊಯ್ದ ಮಗುವನ್ನು ವಾಸದ ದೇಶಕ್ಕೆ ಮರಳಿಸಲೆಂದು ಇರುವ, ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶಿ ಆದೇಶವನ್ನು ಇಲ್ಲಿಯ ನ್ಯಾಯಾಲಯಗಳು ಪರಿಗಣಿಸುತ್ತವೆ, ಆದರೆ ಮಗುವಿನ ಹಿತವೇ ಅಂತಿಮ. ಹಾಗಿದ್ದರೂ ಆದೇಶ ತಂದಿರಲಿ: ಮೇಲೆ ಹೇಳಿದ ಯಶಿತಾ ಸಾಹು ಪ್ರಕರಣದಲ್ಲಿ ಮಗುವನ್ನು ಅಮೆರಿಕಕ್ಕೆ ವಾಪಸ್ ಕಳಿಸಲು ಆದೇಶವಾಗಿತ್ತು. ಮಗಳು ಇಲ್ಲಿಯ ಶಾಲೆಗೆ ಒಗ್ಗಿಕೊಳ್ಳುವ ಮುನ್ನವೇ ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಹಾಕಿಸಿ.