ಎಐ ಕಣ್ಣು ನೋಡಿದರೆ ಸಾಕಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 62 ವರ್ಷ, ಶುಗರ್ ಬಂದು ಹತ್ತು ವರ್ಷ ದಾಟಿತು. ಮೊನ್ನೆ ನಮ್ಮೂರ ಕ್ಯಾಂಪಿನಲ್ಲಿ ಮೊಬೈಲ್‌ನಂಥ ಕ್ಯಾಮೆರಾದಲ್ಲಿ ಅವರ ಕಣ್ಣಿನ ಫೋಟೊ ತೆಗೆದರು. ಕಣ್ಣಿನ ಡಾಕ್ಟರ್ ಯಾರೂ ಇರಲಿಲ್ಲ. ‘ಎಐ ನೋಡಿದೆ, ಏನೂ ತೊಂದರೆ ಇಲ್ಲ’ ಅಂತ ಚೀಟಿ ಕೊಟ್ಟರು. ಎಡಗಣ್ಣು ಮಬ್ಬು ಅಂತ ಅಮ್ಮನೇ ಹೇಳುತ್ತಾರೆ, ಆದರೆ ಚೀಟಿ ತೋರಿಸಿ ಆಸ್ಪತ್ರೆಗೆ ಬರಲ್ಲ ಅಂತಾರೆ. ನಂಬಬಹುದಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಅಮ್ಮನನ್ನು ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಬ್ಬು ಕಾಣುತ್ತಿದೆ ಅಂದ ಮೇಲೆ ಆ ಚೀಟಿಗೆ ಬೆಲೆ ಇಲ್ಲ. ಇಂಥ ಕ್ಯಾಂಪುಗಳಲ್ಲಿ ಎಐ ಸಾಮಾನ್ಯವಾಗಿ ನೋಡುವುದು ಒಂದೇ ವಿಷಯ: ಶುಗರ್‌ನಿಂದ ಕಣ್ಣಿನ ಒಳಪರದೆಯ ಸಣ್ಣ ರಕ್ತನಾಳಗಳು ಹಾಳಾಗಿವೆಯಾ ಅಂತ. ಅಮ್ಮನ ಮಬ್ಬಿಗೆ ಪೊರೆ ಕಾರಣ ಇರಬಹುದು, ಬೇರೆ ಏನೋ ಇರಬಹುದು. ಅದನ್ನು ನೋಡಿಯೇ ಇಲ್ಲದ ಯಂತ್ರ ಅದರ ಬಗ್ಗೆ ಹೇಗೆ ಹೇಳೀತು?

ಹಾಗಂತ ಕ್ಯಾಂಪಿನವರು ಮೋಸ ಮಾಡಿದರು ಅಂತಲ್ಲ. ಈ ತಂತ್ರಜ್ಞಾನ ಗಟ್ಟಿಯಾದದ್ದೇ. 2016ರಲ್ಲಿ ಗೂಗಲ್ ಸಂಶೋಧಕರು ಸುಮಾರು 1,28,000 ಕಣ್ಣಿನ ಫೋಟೊಗಳಿಂದ ಕಂಪ್ಯೂಟರಿಗೆ ಈ ಕಾಯಿಲೆ ಗುರುತಿಸಲು ಕಲಿಸಿ, ಅದು ಕಣ್ಣಿನ ಡಾಕ್ಟರುಗಳ ಮಟ್ಟಕ್ಕೆ ಬಂತು ಅಂತ ತೋರಿಸಿದರು. ಆ ಕೆಲಸಕ್ಕೆ ಫೋಟೊ ಕೊಟ್ಟವರಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯೂ ಇತ್ತು. 2018ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಥದ್ದೇ ಒಂದು ಯಂತ್ರಕ್ಕೆ, ಡಾಕ್ಟರ್ ಫೋಟೊ ನೋಡದಿದ್ದರೂ ಫಲಿತಾಂಶ ಕೊಡಬಹುದು ಅಂತ ಒಪ್ಪಿಗೆ ಕೊಟ್ಟಿತು.

ಆದರೆ ಲ್ಯಾಬ್ ಬೇರೆ, ಊರಿನ ಕ್ಲಿನಿಕ್ ಬೇರೆ. ಗೂಗಲ್‌ನ ಅದೇ ವ್ಯವಸ್ಥೆಯನ್ನು ಥಾಯ್ಲೆಂಡ್‌ನ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಬಳಸಿದಾಗ ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೊಗಳನ್ನು ಯಂತ್ರವೇ ಬೇಡ ಅಂದಿತು. ಕೋಣೆ ಸರಿಯಾಗಿ ಕತ್ತಲಾಗಿರಲಿಲ್ಲ, ಫೋಟೊ ಮಸುಕಾಗಿತ್ತು. ನೆಟ್ ನಿಧಾನವಾಗಿ ಜನ ಕಾಯಬೇಕಾಯಿತು. ಯಂತ್ರ ಹಾಗೆ ಬೇಡ ಅಂದರೆ ವಾಸಿ, ಇನ್ನೊಂದು ಸಲ ತೋರಿಸಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದರೂ ನನಗೆ ಇಂಥ ಕ್ಯಾಂಪ್‌ಗಳು ಬೇಕು. ಶುಗರ್‌ನ ಕಣ್ಣಿನ ತೊಂದರೆ ಶುರುವಿನಲ್ಲಿ ನೋಯಲ್ಲ, ನೋಟವೂ ಚೆನ್ನಾಗಿಯೇ ಇರುತ್ತೆ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತೆ. ಕಣ್ಣಿನ ಡಾಕ್ಟರೇ ಇಲ್ಲದ ಊರಲ್ಲಿ ಯಾರು ಬೇಗ ಆಸ್ಪತ್ರೆಗೆ ಹೋಗಬೇಕು ಅಂತ ಆರಿಸಿ ಕೊಡುವುದು ದೊಡ್ಡ ಉಪಕಾರ. ಮಬ್ಬು ಏನೂ ಇಲ್ಲದವರಿಗೂ ‘ತೊಂದರೆ ಇಲ್ಲ’ ಅಂದರೆ ವರ್ಷ ಬಿಟ್ಟು ಮತ್ತೆ ತೋರಿಸಿ ಅಂತ ಅರ್ಥ, ಅಷ್ಟೇ.

ಪ್ರಶ್ನೆ: ನಮ್ಮ ಯಜಮಾನರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.4 ಬಂತು. ಅವರು ರಿಪೋರ್ಟನ್ನು ಚಾಟ್‌ಬಾಟ್‌ಗೆ ಹಾಕಿ, ‘ಕಂಟ್ರೋಲ್‌ನಲ್ಲಿದೆ ಅಂತ ಬಂತು’ ಅಂತ ಶುಗರ್ ಮಾತ್ರೆ ಬಿಟ್ಟಿದ್ದಾರೆ. ಸರಿನಾ?
– ಓದುಗರು, ತುಮಕೂರು

ಉತ್ತರ: ಸರಿಯಲ್ಲಮ್ಮ. ಕಂಟ್ರೋಲ್‌ಗೆ ಬಂದಿರುವುದರಲ್ಲಿ ಆ ಮಾತ್ರೆಯ ಪಾಲೂ ಇದೆ ಅಲ್ವಾ? ಇನ್ನೊಂದು ವಿಷಯ, ಇತ್ತೀಚೆಗೆ ರಕ್ತದಾನ ಮಾಡಿದ್ದರೆ ಈ ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರಬಹುದು, ಕಬ್ಬಿಣದ ಕೊರತೆ ಇದ್ದರೆ ಜಾಸ್ತಿ ಬರಬಹುದು. ನೀವು ಹೇಳದಿದ್ದರೆ ಚಾಟ್‌ಬಾಟ್‌ಗೆ ಅದು ಗೊತ್ತಾಗಲ್ಲ. ಡಾಕ್ಟರ್ ಆದರೆ ಕೆದಕಿ ಕೇಳುತ್ತಾರೆ, ಕಾಲು ನೋಡುತ್ತಾರೆ, ಕಿಡ್ನಿ ಪರೀಕ್ಷೆ ಮಾಡಿಸುತ್ತಾರೆ.

ನಮ್ಮ ದೇಶದ 2020ರ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ಡಾಕ್ಟರ್ ನೋಡುವುದು) ಮಾರ್ಗಸೂಚಿಯಲ್ಲೇ ಇದೆ: ಎಐ ಡಾಕ್ಟರಿಗೆ ಸಹಾಯ ಮಾಡಬಹುದು, ಆದರೆ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಮಾತ್ರೆ ಕಡಿಮೆ ಮಾಡಬಹುದಾ ಅನ್ನುವುದು ಒಳ್ಳೆಯ ಪ್ರಶ್ನೆಯೇ, ಕೆಲವರಿಗೆ ಮಾಡುತ್ತೇವೆ ಕೂಡ. ಅದನ್ನು ಮಾತ್ರೆ ಬರೆದ ಡಾಕ್ಟರ ಹತ್ತಿರವೇ ಕೇಳಲಿ, ಅಲ್ಲಿಯವರೆಗೆ ಬಿಟ್ಟ ಮಾತ್ರೆಯ ಬಗ್ಗೆ ಏನು ಮಾಡಬೇಕು ಅಂತ ಇವತ್ತೇ ಫೋನ್ ಮಾಡಿ ತಿಳಿದುಕೊಳ್ಳಿ. ರಿಪೋರ್ಟಿನ ಪದಗಳ ಅರ್ಥ ತಿಳಿಯಲು, ಡಾಕ್ಟರಿಗೆ ಏನು ಕೇಳಬೇಕು ಅಂತ ಪಟ್ಟಿ ಮಾಡಲು ಚಾಟ್‌ಬಾಟ್ ಬಳಸಿದರೆ ನನ್ನ ತಕರಾರಿಲ್ಲ. ಹೆಸರು, ಫೋನ್ ನಂಬರ್, ಆಭಾ ನಂಬರ್ (ಸರ್ಕಾರದ ಆರೋಗ್ಯ ಖಾತೆ ನಂಬರ್) ಮಾತ್ರ ಮುಚ್ಚಿ ಹಾಕಿ.