ಫೇರ್‌ನೆಸ್ ಡಾಕ್ಟ್ರಿನ್ ವಾಪಸ್ ತಂದ್ರೆ ಅಮೆರಿಕದ ನ್ಯೂಸ್ ಚಾನೆಲ್‌ಗಳು ಸರಿಹೋಗ್ತಾವಾ?

ಫೇರ್‌ನೆಸ್ ಡಾಕ್ಟ್ರಿನ್, ಅಂದ್ರೆ ರೇಡಿಯೋ-ಟಿವಿ ಸ್ಟೇಷನ್‌ಗಳು ವಿವಾದದ ವಿಷಯದಲ್ಲಿ ವಿರುದ್ಧ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅನ್ನೋ ಅಮೆರಿಕದ ಹಳೇ ರೂಲ್, ಮತ್ತೆ ತಂದ್ರೆ ಫಾಕ್ಸ್ ನ್ಯೂಸ್ ಥರದ ಚಾನೆಲ್‌ಗಳು ಎರಡೂ ಪಕ್ಷದ ಮಾತು ತೋರಿಸಲೇಬೇಕಾಗುತ್ತಾ ಅಂತ ಕೇಳಿದೀರ. ನನ್ ಪ್ರಕಾರ ಇಲ್ಲ. ಆ ರೂಲ್ ನಿಂತಿದ್ದೇ ಲೈಸೆನ್ಸ್ ಮೇಲೆ, ರೇಡಿಯೋ ತರಂಗ ಎಲ್ಲರ ಆಸ್ತಿ, ಅದರಲ್ಲಿ ಜಾಗ ಕಮ್ಮಿ, ಲೈಸೆನ್ಸ್ ಸಿಕ್ಕಿದವರು ಅದನ್ನ ಊರಿನವರ ಪರವಾಗಿ ಇಟ್ಕೊಂಡಿರೋದು ಅನ್ನೋ ಲೆಕ್ಕ. ಫಾಕ್ಸ್ ನ್ಯೂಸ್ ಕೇಬಲ್ ಚಾನೆಲ್, ಅದಕ್ಕೆ ಎಫ್‌ಸಿಸಿ (ರೇಡಿಯೋ-ಟಿವಿ ನೋಡ್ಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ) ಲೈಸೆನ್ಸೇ ಬೇಕಿಲ್ಲ.

ಇನ್ನೊಂದು, ಇಬ್ಬರಿಗೂ ಸಮಸಮ ಟೈಮ್ ಕೊಡಬೇಕಿತ್ತು ಅಂತ ತುಂಬಾ ಜನ ಅನ್ಕೊಂಡಿದಾರೆ. ಅದು ಚುನಾವಣೆಗೆ ನಿಂತವರಿಗೆ ಇರೋ ಬೇರೆ ಕಾನೂನು, 1934ರ ಕಮ್ಯುನಿಕೇಷನ್ಸ್ ಆಕ್ಟ್‌ದು, ಈಗಲೂ ಇದೆ. 1949ರ ಡಾಕ್ಟ್ರಿನ್ ಹೇಳಿದ್ದು ಇಷ್ಟೇ: ಜನರಿಗೆ ಮುಖ್ಯವಾದ ವಿವಾದಗಳನ್ನ ಮುಚ್ಚಿಡಬೇಡಿ, ವಿರುದ್ಧ ಅಭಿಪ್ರಾಯಕ್ಕೂ ಎಲ್ಲಾದರೂ ಜಾಗ ಕೊಡಿ.

ನನಗೆ ಯಾವಾಗಲೂ ನೆನಪಾಗೋದು ಮಿಸ್ಸಿಸಿಪ್ಪಿಯ ಜಾಕ್ಸನ್‌ನಲ್ಲಿದ್ದ ಡಬ್ಲ್ಯುಎಲ್‌ಬಿಟಿ ಸ್ಟೇಷನ್. ಅಲ್ಲಿ ನೋಡೋರಲ್ಲಿ ಹತ್ತತ್ರ ಅರ್ಧ ಕಪ್ಪು ಜನಾಂಗದವರು, ಆದ್ರೆ 1955ರಲ್ಲಿ ಜನಾಂಗೀಯ ಸಮಸ್ಯೆ ಬಗ್ಗೆ ನೆಟ್‌ವರ್ಕ್ ಪ್ರೋಗ್ರಾಂ ಬರ್ತಿದ್ದಾಗ ಮಧ್ಯದಲ್ಲೇ ಕಟ್ ಮಾಡಿ 'ಕ್ಷಮಿಸಿ, ಕೇಬಲ್ ತೊಂದರೆ' ಅಂತ ಬೋರ್ಡ್ ಹಾಕಿದ್ರು ಅಂತ ದೂರು ಹೋಯ್ತು. ಆಗ ರೂಲ್ ಜಾರಿಯಲ್ಲೇ ಇತ್ತು ನೋಡಿ! ಆಮೇಲೆ ಒಂದು ಚರ್ಚ್ ಸಂಸ್ಥೆ, ಅಲ್ಲಿನವರು ಸೇರಿ ಆ ಸ್ಟೇಷನ್‌ಗೆ ಲೈಸೆನ್ಸ್ ಮತ್ತೆ ಕೊಡಬೇಡಿ ಅಂತ ಕೇಳಿದ್ರೂ ಎಫ್‌ಸಿಸಿ ಕೊಟ್ಟುಬಿಡ್ತು. 1966ರಲ್ಲಿ ಕೋರ್ಟು, ಟಿವಿ ನೋಡೋರಿಗೂ ಬಂದು ವಾದ ಮಾಡೋ ಹಕ್ಕಿದೆ ಅಂತು, ಅದಾದ್ಮೇಲೂ ಎಫ್‌ಸಿಸಿ ಸ್ಟೇಷನ್ ಪರವೇ ನಿಂತ್ಕೊಳ್ತು, ಕೊನೆಗೆ 1969ರಲ್ಲಿ ಕೋರ್ಟೇ ಆ ಲೈಸೆನ್ಸ್ ರದ್ದು ಮಾಡಬೇಕಾಯ್ತು.

ಅದಕ್ಕೇ ಬ್ಯಾಲೆನ್ಸ್ ಅಳೆಯೋ ಕೆಲಸವನ್ನ ಸರ್ಕಾರದ ಕೈಗೆ ಕೊಡೋದು ನನಗೆ ಭಯ. ಅಧಿಕಾರದಲ್ಲಿರೋರು ತಮಗೆ ಆಗದ ಸ್ಟೇಷನ್ ಮೇಲೆ ದೂರಿನ ಮೇಲೆ ದೂರು ಹಾಕ್ಸಿದ್ರೆ ಸಣ್ಣ ರೇಡಿಯೋದವರು ವಕೀಲರ ಖರ್ಚಿಗೆ ಹೆದರಿ ರಾಜಕೀಯದ ತಂಟೆಗೇ ಹೋಗಲ್ಲ. 1987ರಲ್ಲಿ ಎಫ್‌ಸಿಸಿ ಇದನ್ನ ಕೈಬಿಟ್ಟಾಗ ಕೊಟ್ಟ ಕಾರಣವೂ ಹೆಚ್ಚುಕಮ್ಮಿ ಇದೇ, ವಿವಾದದ ಮಾತೇ ಕಮ್ಮಿ ಆಗ್ತಿದೆ ಅಂತ. ಅದಕ್ಕೆ ಸ್ವಲ್ಪ ಮುಂಚೆ ಕಾಂಗ್ರೆಸ್ಸು (ಅಮೆರಿಕದ ಸಂಸತ್ತು) ಇದನ್ನ ಕಾನೂನೇ ಮಾಡೋಕೆ ಹೊರಟಿತ್ತು, ಅಧ್ಯಕ್ಷ ರೇಗನ್ ವೀಟೋ ಮಾಡಿದ್ರು.

ಆದ್ರೆ ಒಂದನ್ನ ಮಾತ್ರ ಕಳ್ಕೊಳ್ಳಬಾರದಿತ್ತು. 1964ರಲ್ಲಿ ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನೋ ಊರಿನ ರೇಡಿಯೋದಲ್ಲಿ ಒಬ್ಬ ಪಾದ್ರಿ ಫ್ರೆಡ್ ಕುಕ್ ಅನ್ನೋ ಪತ್ರಕರ್ತನ ಹೆಸರು ಹಿಡಿದು ಬೈದಿದ್ರು, ಕುಕ್ ಉತ್ತರ ಕೊಡೋಕೆ ಟೈಮ್ ಕೇಳಿದ್ರೆ ಫ್ರೀಯಾಗಿ ಕೊಡಲ್ಲ ಅಂದ್ರು, ಸುಪ್ರೀಂ ಕೋರ್ಟು 1969ರಲ್ಲಿ ಒಂದೂ ವಿರೋಧ ಮತ ಇಲ್ಲದೆ ಕುಕ್ ಕಡೆ ತೀರ್ಪು ಕೊಡ್ತು. ಆ ಉತ್ತರ ಕೊಡೋ ಹಕ್ಕು 1987ರ ನಂತರವೂ ಉಳಿದಿತ್ತು, 2000ದಲ್ಲಿ ಹೋಯ್ತು. ನನ್ನ ಕೇಳಿದ್ರೆ ಡಾಕ್ಟ್ರಿನ್ ಪೂರ್ತಿ ಬೇಡ, ಈ ತುಂಡನ್ನ ಮಾತ್ರ ವಾಪಸ್ ತನ್ನಿ ಅಂತೀನಿ, ಯಾಕಂದ್ರೆ ಇದರಲ್ಲಿ ಬ್ಯಾಲೆನ್ಸ್ ಇದೆಯಾ ಇಲ್ವಾ ಅಂತ ಯಾವ ಅಧಿಕಾರಿಯೂ ಅಳೀಬೇಕಿಲ್ಲ, ಹೆಸರು ಹಿಡಿದು ಬೈದಿದಾರಾ ಇಲ್ವಾ ಅಷ್ಟೇ ನೋಡಬೇಕು.